ಆನ್‌ಲೈನ್ ಹರಾಜಲ್ಲಿ ತಗೊಂಡ 1939ರ ಬೆಳ್ಳಿ ರೂಪಾಯಿ ಅಸಲಿನಾ, ದುಡ್ಡು ವಾಪಸ್ ಬರತ್ತಾ?

ಪ್ರಶ್ನೆ: ನಮಸ್ಕಾರ ಸರ್. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ಅಡಿಕೆ ತೋಟ ಇದೆ. ಮಗ 5ನೇ ಕ್ಲಾಸು, ಅಜ್ಜನ ಪೆಟ್ಟಿಗೇಲಿದ್ದ ಹಳೇ ಪೈಸೆ ನೋಡಿ ಅವ್ನಿಗೆ ನಾಣ್ಯದ ಹುಚ್ಚು ಹತ್ತಿದೆ, ಅವ್ನ ಜೊತೆ ನಂಗೂ. ಆನ್‌ಲೈನ್ ಹರಾಜಲ್ಲಿ ಎರಡು ನಾಣ್ಯ ತಗೊಂಡೆ. ಒಂದು 1939ರ ಬೆಳ್ಳಿ ರೂಪಾಯಿ, 18,500ಕ್ಕೆ. ಇನ್ನೊಂದು 1818ರ ಈಸ್ಟ್ ಇಂಡಿಯಾ ಕಂಪನಿದು, ರಾಮ ಸೀತೆ ಲಕ್ಷ್ಮಣ ಹನುಮಂತ ಇರೋ ಒಂದಾಣೆ, 2,200ಕ್ಕೆ. ಮಾರಿದವ್ರಿಗೆ 98 ಪರ್ಸೆಂಟ್ ಒಳ್ಳೇ ರೇಟಿಂಗ್ ಇತ್ತು. ಪೇಟೇಲಿ ಗುರ್ತಿನ ಬಂಗಾರದಂಗಡಿಯವ್ರು ರೂಪಾಯಿ ತೂಕ ಹಾಕಿ 10.42 ಗ್ರಾಂ ಬಂತು, ಎಂತದೋ ಸರಿ ಕಾಣ್ತಿಲ್ಲ ಅಂದ್ರು. ಮಾರಿದವ್ರನ್ನ ಕೇಳಿದ್ರೆ ಸವೆದಿದೆ ಅದ್ಕೇ ಕಮ್ಮಿ, ಇದ್ದ ಹಾಗೆ ಮಾರಾಟ ವಾಪಸ್ ಇಲ್ಲ ಅಂತ ಮೊದ್ಲೇ ಬರ್ದಿದೀನಿ ಅಂತಾರೆ. ನಮ್ಮ ಭಾವ ನೀನೂ ಹಾಗೇ ಬರ್ದು ಹರಾಜಿಗೆ ಹಾಕು ಅಂತಾರೆ. ಚಿಕ್ಕಪ್ಪ ರಾಮನ ನಾಣ್ಯ ಮಾತ್ರ ಕೊಡ್ಬೇಡ, ಅದಕ್ಕೆ ಅಕ್ಕಿ ಎಳೆಯೋ ಶಕ್ತಿ ಇರತ್ತೆ, ಕೋಟಿ ಕೊಡೋರಿದಾರೆ ಅಂತಾರೆ. ಈಗ ಅದೇ ಮಾರಾಟಗಾರರು ಹಂಪಿ ಹತ್ರ ಹೊಲದಲ್ಲಿ ಸಿಕ್ಕಿದ ಕೃಷ್ಣದೇವರಾಯನ ಬಂಗಾರದ ವರಹ ಅಂತ ಹಾಕಿದಾರೆ, 14,000ಕ್ಕೆ ಬಿಡ್ ನಿಂತಿದೆ, ನಾಡಿದ್ದು ಮುಗಿಯತ್ತೆ. ಅದ್ರ ಸ್ಕ್ರೀನ್‌ಶಾಟೂ ಕಳ್ಸಿದೀನಿ. ಎಂತ ಮಾಡ್ಲಿ?

ಉತ್ತರ: ನಾಡಿದ್ದು ಮುಗಿಯೋ ಹರಾಜಿನ ಮಾತು ಮೊದ್ಲು ಹೇಳ್ಬಿಡ್ತೀನಿ, ಉಳಿದಿದ್ದಕ್ಕೆಲ್ಲ ಸ್ವಲ್ಪ ಟೈಮ್ ಇದೆ. ಆ ವರಹಕ್ಕೆ ಬಿಡ್ ಹಾಕ್ಬೇಡಿ.

ಕೃಷ್ಣದೇವರಾಯ ಆಳಿದ್ದು 1509ರಿಂದ 1529. ಅವ್ನ ವರಹ ಅಂದ್ರೆ ಕಿರುಬೆರಳಿನ ತುದಿಯಷ್ಟೇ ಸಣ್ಣ ನಾಣ್ಯ, ತೂಕ ಸುಮಾರು 3.4 ಗ್ರಾಂ, ಒಂದ್ ಬದಿ ಹೆಚ್ಚಾಗಿ ಕೂತಿರೋ ಬಾಲಕೃಷ್ಣ, ಇನ್ನೊಂದು ಬದಿ ನಾಗರಿ ಲಿಪೀಲಿ ಮೂರು ಸಾಲಲ್ಲಿ ಶ್ರೀ ಪ್ರತಾಪ ಕೃಷ್ಣರಾಯ ಅಂತ. ನಿಮ್ಮ ಸ್ಕ್ರೀನ್‌ಶಾಟಲ್ಲಿ ಇರೋದು ಅಂಗೈ ತುಂಬೋ ಬಿಲ್ಲೆ, ಕೃಷ್ಣದೇವರಾಯ ಅಂತ ಈಗಿನ ಕನ್ನಡ ಅಕ್ಷರದಲ್ಲಿ ಬರ್ದಿದೆ. ಅಷ್ಟೇ ಸಾಕು ಬಿಡೋಕೆ. ಇದ್ಯಾವ್ದೂ ಗೊತ್ತಿಲ್ದೇ ಇದ್ರೂ ಒಂದು ಲೆಕ್ಕ ಮಾಡ್ಬಹುದಿತ್ತು, 3.4 ಗ್ರಾಂನ ಇವತ್ತಿನ ಬಂಗಾರದ ರೇಟಿಗೆ ಗುಣಿಸಿ ನೋಡಿ. ಬರೀ ಕರಗಿಸಿದ್ರೂ 14,000ಕ್ಕಿಂತ ಎಷ್ಟೋ ಜಾಸ್ತಿ ಬರೋ ಬಂಗಾರವನ್ನ, 500 ವರ್ಷದ ಚರಿತ್ರೆನೂ ಸೇರಿಸಿ ಯಾರಾದ್ರೂ ಅದಕ್ಕಿಂತ ಕಮ್ಮಿಗೆ ಯಾಕೆ ಕೊಡ್ತಾರೆ? ಆಮೇಲೆ ಆ ಹೊಲದ ಕಥೆ. ಅದು ಸುಳ್ಳಾದ್ರೆ ನಾಣ್ಯ ನಕಲಿ. ನಿಜ ಆದ್ರೆ ಇನ್ನೂ ಕಷ್ಟ, ನೆಲದಲ್ಲಿ ಸಿಕ್ಕ ನಿಧಿ ಬಗ್ಗೆ 1878ರ ಭಾರತೀಯ ನಿಧಿ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 1962ರ ಕಾಯ್ದೆನೂ ಇದೆ, ಸಿಕ್ಕಿದವ್ರು ಜಿಲ್ಲಾಧಿಕಾರಿಗೆ ತಿಳಿಸ್ಬೇಕು, ಹರಾಜಿಗೆ ಹಾಕೋ ಹಾಗಿಲ್ಲ. ಹಾಗಾಗಿ ಕಥೆ ಯಾವ ಕಡೆ ತಿರುಗಿದ್ರೂ ನಿಮ್ಗೆ ಅದ್ರಲ್ಲಿ ಒಳ್ಳೇದಿಲ್ಲ.

ಈಗ ನಿಮ್ಮ ನಿಜವಾದ ಚಿಂತೆ. ನಾನು ಅರ್ಥ ಮಾಡ್ಕೊಂಡ ಹಾಗೆ ಮೂರಿದೆ, ಕೈಲಿರೋ ಎರಡು ನಾಣ್ಯ ಮೋಸನಾ, ಮೋಸ ಆಗಿದ್ರೆ ದುಡ್ಡು ಬರತ್ತಾ, ಬರದೇ ಇದ್ರೆ ಭಾವ ಹೇಳಿದ ಹಾಗೆ ಮಾಡ್ಬಹುದಾ. ನಾಲ್ಕನೇದು ನೀವು ಬರ್ದಿಲ್ಲ ಆದ್ರೆ ಪತ್ರದ ತುಂಬ ಅದೇ ಇದೆ, ಮಗನ ಎದ್ರಿಗೆ ಮೋಸ ಹೋದೆ ಅನ್ನೋ ಬೇಜಾರು. ಕಾರವಾರದಲ್ಲಿ ಕೂತು ಇಪ್ಪತ್ತೈದು ವರ್ಷದ ಮೇಲಾಯ್ತು ನಾನು ನಾಣ್ಯ ನೋಡಿ ಹೇಳೋ ಕೆಲಸ ಮಾಡ್ತಾ, ನನ್ನ ಹತ್ರ ಮೋಸ ಹೋಗಿ ಬಂದವ್ರಲ್ಲಿ ಬ್ಯಾಂಕಿನವ್ರಿದಾರೆ, ಮೇಷ್ಟ್ರಿದಾರೆ, ನನಗಿಂತ ಜಾಸ್ತಿ ಪುಸ್ತಕ ಓದಿದವ್ರೂ ಇದಾರೆ. ಬೇಜಾರು ಮಾಡ್ಕೋಬೇಡಿ.

1939ರ ರೂಪಾಯಿ ಯಾಕೆ ಇಷ್ಟು ನಕಲಿ ಆಗತ್ತೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. 1835ರಲ್ಲಿ ಕಂಪನಿ ಇಡೀ ದೇಶಕ್ಕೆ ಒಂದೇ ರೂಪಾಯಿ ಅಂತ ಮಾಡಿದಾಗಿಂದ ಬೆಳ್ಳಿ ರೂಪಾಯಿ ತೂಕ ಒಂದು ತೊಲ, ಅಂದ್ರೆ 11.66 ಗ್ರಾಂ, ಅದ್ರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಎಲ್ಲರ ಕಾಲದಲ್ಲೂ ಇದೇ ಲೆಕ್ಕ. ಆರನೇ ಜಾರ್ಜ್ ಬಂದ್ಮೇಲೆ 1938 ಮತ್ತೆ 1939ರ ಇಸವಿ ಇರೋ ರೂಪಾಯಿನೂ ಇದೇ ಬೆಳ್ಳಿ. ಆಮೇಲೆ ಯುದ್ಧ ಬಂತು, 1940ರಿಂದ ಬೆಳ್ಳಿ ಅರ್ಧಕ್ಕರ್ಧ ಇಳಿಸಿದ್ರು, ಅಂಚಿಗೆ ಬೇರೆ ಥರ ಗುರುತು ಹಾಕಿದ್ರು, 1947ರ ಹೊತ್ತಿಗೆ ಬೆಳ್ಳಿನೇ ಹೋಗಿ ಹುಲಿ ಚಿತ್ರದ ನಿಕ್ಕಲ್ ರೂಪಾಯಿ ಬಂತು. ಹಾಗಾಗಿ 1939 ಅನ್ನೋದು ಹಳೇ ಒಳ್ಳೇ ಬೆಳ್ಳಿಯ ಕಡೇ ಇಸವಿ, ಜನರ ಕೈಗೆ ಬಂದು ಉಳಿದಿದ್ದು ತೀರಾ ಕಮ್ಮಿ. 1938ರದ್ದು ಬೇಕಾದಷ್ಟು ಸಿಗತ್ತೆ. ಒಂದೇ ಅಂಕಿಯ ವ್ಯತ್ಯಾಸಕ್ಕೆ ಬೆಲೆ ಹತ್ತಾರು ಪಟ್ಟು ಏರತ್ತೆ ಅಂದ್ರೆ ಆ ಒಂದು ಅಂಕಿ ಮೇಲೆ ಕೈ ಆಡಿಸೋರು ಹುಟ್ಟೇ ಹುಟ್ತಾರೆ. 1938ರ 8ನ್ನ ಕೆತ್ತಿ 9 ಮಾಡ್ತಾರೆ, ಇಲ್ಲಾ ಅಸಲಿ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ತಾರೆ.

ನಿಮ್ಮ ನಾಣ್ಯ ಇದ್ರಲ್ಲಿ ಯಾವ ಥರದ್ದು ಅಂತ ನೋಡೋಕೆ ಮೊನ್ನೆ ಫೋನಲ್ಲೇ ನೀರಿನ ಪರೀಕ್ಷೆ ಮಾಡ್ಸಿದ್ನಲ್ಲ, ಅದನ್ನ ಉಳಿದ ಓದುಗರಿಗೂ ಹೇಳ್ತೀನಿ ಯಾಕಂದ್ರೆ ಇದಕ್ಕೆ ಖರ್ಚೇ ಇಲ್ಲ, ನಾಣ್ಯಕ್ಕೂ ಏನೂ ಆಗಲ್ಲ. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಕೆಲವು ನೂರು ರೂಪಾಯಿಗೆ ಸಿಗತ್ತೆ. ಮೊದ್ಲು ನಾಣ್ಯದ ತೂಕ ಬರ್ಕೊಳ್ಳಿ. ಆಮೇಲೆ ತಕ್ಕಡಿ ಮೇಲೆ ಒಂದು ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ, ತೆಳ್ಳಗಿನ ದಾರಕ್ಕೆ ನಾಣ್ಯ ಕಟ್ಟಿ ನೀರೊಳಗೆ ಪೂರ್ತಿ ಮುಳುಗೋ ಹಾಗೆ ಕೈಲೇ ಹಿಡ್ಕೊಳ್ಳಿ, ತಳಕ್ಕೂ ಗೋಡೆಗೂ ತಾಗ್ಬಾರ್ದು, ಗಾಳಿ ಗುಳ್ಳೆ ಅಂಟ್ಕೊಂಡಿರ್ಬಾರ್ದು. ಆಗ ತಕ್ಕಡಿ ತೋರಿಸೋದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲನೇ ಅಂಕಿನ ಎರಡನೇದ್ರಿಂದ ಭಾಗಿಸಿ. 91.7ರ ಬೆಳ್ಳಿಗೆ 10.3ರ ಹತ್ರ ಬರ್ಬೇಕು, 1940ರ ನಂತರದ ಅರ್ಧ ಬೆಳ್ಳಿಗೆ 9.5ರ ಆಸುಪಾಸು, ತಾಮ್ರ ನಿಕ್ಕಲ್ ಮಿಶ್ರಣಕ್ಕೆ 8.9, ಹಿತ್ತಾಳೆಗೆ 8.5. ನಿಮ್ಮದು 10.42 ಗ್ರಾಂ ತೂಕ, ನೀರಲ್ಲಿ 1.19 ಬಂತು, ಭಾಗಿಸಿದ್ರೆ 8.76. ಇದ್ರಲ್ಲಿ ಬೆಳ್ಳಿ ಅನ್ನೋದು ಇಲ್ಲ, ಇದ್ರೂ ಮೇಲಿನ ಲೇಪ ಅಷ್ಟೇ. ಅಂಕಿ ಕೆತ್ತಿದ 1938 ಆಗಿದ್ರೆ ಕಡೇ ಪಕ್ಷ ಬೆಳ್ಳಿ ದುಡ್ಡಾದ್ರೂ ಉಳೀತಿತ್ತು, ಅದೂ ಅಲ್ಲ. ಪೂರ್ತಿ ನಕಲಿ ಅಂತ ಹೇಳೋಕೆ ನಂಗೆ ಯಾವ ಅನುಮಾನನೂ ಇಲ್ಲ.

ಸವೆದಿದೆ ಅದ್ಕೇ ಕಮ್ಮಿ ಅನ್ನೋ ಮಾತಿಗೆ ಬರ್ತೀನಿ. ಸವೆದ ರೂಪಾಯಿ ತೂಕ ಕಳ್ಕೊಳ್ಳೋದು ಹೌದು, ಆದ್ರೆ 11.4, 11.5ಕ್ಕೆ ಇಳಿದಿರತ್ತೆ, ಆಗ ರಾಜನ ಕಿವಿ, ಕಿರೀಟದ ಹರಳು ಎಲ್ಲಾ ನುಣ್ಣಗಾಗಿರತ್ತೆ. ನಿಮ್ಮ ನಾಣ್ಯದಲ್ಲಿ ಕಿರೀಟದ ಗೆರೆಗೆರೆನೂ ಕಾಣತ್ತೆ ಅಂತ ನೀವೇ ಫೋಟೋ ಕಳ್ಸಿದೀರಿ, ಒಂದು ಗ್ರಾಂಗಿಂತ ಜಾಸ್ತಿ ಸವೆದ ನಾಣ್ಯದ ಮುಖ ಹಾಗಿರೋಕೆ ಸಾಧ್ಯನೇ ಇಲ್ಲ. ಇನ್ನೊಂದು, ಸವೆದ್ರೆ ತೂಕ ಇಳಿಯತ್ತೆ, ಲೋಹ ಬದಲಾಗಲ್ಲ. ಸವೆದ ಬೆಳ್ಳಿ ನೀರಲ್ಲಿ ಬೆಳ್ಳಿ ಲೆಕ್ಕನೇ ಕೊಡತ್ತೆ.

ಒಂದು ಎಚ್ಚರಿಕೆ ಮಾತ್ರ. ಈ ಪರೀಕ್ಷೇಲಿ ಫೇಲ್ ಆದ್ರೆ ನಕಲಿ ಖಾತ್ರಿ, ಪಾಸ್ ಆದ್ರೆ ಅಸಲಿ ಅಂತ ಅಲ್ಲ. ಒಳ್ಳೇ ಬೆಳ್ಳೀಲೇ, ಬಂಗಾರದಲ್ಲೇ ನಕಲಿ ಹೊಡೆಯೋರಿದಾರೆ. ನಂಗೇ ಆದದ್ದು ಹೇಳ್ತೀನಿ. ಈ ಕೆಲಸಕ್ಕೆ ಬಂದ ಹೊಸದ್ರಲ್ಲಿ ಇಕ್ಕೇರಿ ವರಹ ಅಂದ್ರೆ ನಂಗೆ ಪ್ರಾಣ, ಕೆಳದಿ ನಾಯಕರದ್ದು, ಒಂದ್ ಬದಿ ಶಿವ ಪಾರ್ವತಿ, ಇನ್ನೊಂದ್ ಬದಿ ನಾಗರಿ ಅಕ್ಷರದಲ್ಲಿ ಶ್ರೀ ಸದಾಶಿವ, ಮುಂದೆ 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಕೂಡ ಆ ಶಿವ ಪಾರ್ವತಿನ ಹಾಗೇ ಉಳಿಸ್ಕೊಂಡು ಹಿಂದುಗಡೆ ತನ್ನ ಹೆಸರಿನ ಒಂದಕ್ಷರ ಹಾಕಿ ಹೊಡೆಸಿದ, ನಮ್ಮ ಮಲೆನಾಡು ಕರಾವಳಿಯ ವ್ಯಾಪಾರವೆಲ್ಲ ನಡೆದ ನಾಣ್ಯ ಅದು. ಒಬ್ಬ ವ್ಯಾಪಾರಿ ಹತ್ರ ಒಂದು ತಗೊಂಡೆ. ತೂಕ ಸರಿ, ಬಂಗಾರ ಸರಿ, ನೀರಲ್ಲೂ ಸರಿ. ಮೂರ್ನಾಲ್ಕು ತಿಂಗಳ ಮೇಲೆ ಬೇರೆ ಊರಲ್ಲಿ ಬೇರೆಯವ್ರ ಹತ್ರ ಇನ್ನೊಂದು ನೋಡ್ದೆ, ಕೈಲಿ ಹಿಡಿದ ತಕ್ಷಣ ಎದೆ ಧಸಕ್ ಅಂತು. ಶಿವನ ಎಡ ಮಂಡಿ ಪಕ್ಕ ನನ್ನ ನಾಣ್ಯದಲ್ಲಿದ್ದ ಅದೇ ಸಣ್ಣ ಪೆಟ್ಟಿನ ಗುರುತು ಇದ್ರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇತ್ತು. ಇನ್ನೂರೈವತ್ತು ವರ್ಷ ಬೇರೆ ಬೇರೆ ಜೇಬಲ್ಲಿ ಓಡಾಡಿದ ಎರಡು ನಾಣ್ಯಕ್ಕೆ ಒಂದೇ ಗಾಯ ಆಗಲ್ಲ, ಎರಡೂ ಒಂದೇ ನಾಣ್ಯದ ಅಚ್ಚಿಂದ ಬಂದಿದ್ವು. ಎರಡು ತಿಂಗಳ ದುಡಿಮೆ ಹೋಯ್ತು. ಆದ್ರೆ ಅವತ್ತಿಂದ ನಾನು ನಾಣ್ಯದ ಚಂದ ನೋಡೋಕಿಂತ ಮುಂಚೆ ಅದ್ರ ಗಾಯ ನೋಡ್ತೀನಿ, ಅದೇ ಗಾಯ ಬೇರೆ ಎಲ್ಲಾದ್ರೂ ಇದ್ಯಾ ಅಂತ ಹುಡುಕ್ತೀನಿ. ಆನ್‌ಲೈನಲ್ಲಿ ಇದು ಇನ್ನೂ ಸುಲಭ, ಅದೇ ಮಾರಾಟಗಾರರ ಹಳೇ ಮಾರಾಟದ ಫೋಟೋ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ.

1818ರ ರಾಮನ ಆಣೆ ವಿಷಯ ಇಷ್ಟು ಕಷ್ಟ ಇಲ್ಲ. ಅಂಥ ನಾಣ್ಯವನ್ನ ಕಂಪನಿ ಟಂಕಿಸಿಲ್ಲ. 1818ರಲ್ಲಿ ಬಂಗಾಳ, ಬೊಂಬಾಯಿ, ಮದ್ರಾಸು ಮೂರಕ್ಕೂ ಬೇರೆ ಬೇರೆ ನಾಣ್ಯ ಇತ್ತು, ಆಣೆ ಅನ್ನೋದು ಲೆಕ್ಕಕ್ಕೆ ಇತ್ತು, ಒಂದಾಣೆಯ ನಾಣ್ಯ ಅಂತ ಚಲಾವಣೆಗೆ ಬಂದಿದ್ದು ಏಳನೇ ಎಡ್ವರ್ಡ್ ಕಾಲಕ್ಕೆ, ಅಂದ್ರೆ ಇಪ್ಪತ್ತನೇ ಶತಮಾನದ ಮೊದಲ ಹತ್ತು ವರ್ಷದಲ್ಲಿ, ಅದೂ ಅಂಚು ಅಲೆ ಅಲೆಯಾಗಿರೋ ನಿಕ್ಕಲ್ ಮಿಶ್ರಣದ್ದು. ಈ ಬಿಲ್ಲೆಗಳ ಇಸವಿ ನೋಡಿ, 1616, 1717, 1818, ಕೇಳೋಕೆ ಚಂದ ಇರೋ ಅಂಕಿಗಳೇ. ಆದ್ರೆ ಇದ್ರಲ್ಲಿ ಒಂದು ಗೊಂದಲ ಇದೆ, ಅದನ್ನ ಹೇಳದೇ ಬರೀ ನಕಲಿ ಅಂದ್ರೆ ನಾಳೆ ಯಾರೋ ಬಂದು ನಿಮ್ಗೆ ಉಲ್ಟಾ ಹೇಳ್ತಾರೆ. ಕಂಪನಿಯವ್ರು ದೇವರ ಚಿತ್ರದ ನಾಣ್ಯ ಹೊಡೆಸಿದ್ದು ಉಂಟು, ಮದ್ರಾಸಿನ ಪಗೋಡ ಅನ್ನೋ ಬಂಗಾರದ ನಾಣ್ಯಗಳಲ್ಲಿ ವಿಷ್ಣು ಇದಾನೆ, ಇಬ್ಬರು ಅಮ್ಮನವರ ಜೊತೆ ವೆಂಕಟೇಶ್ವರ ಇರೋ ಮೂರು ಸ್ವಾಮಿ ಪಗೋಡನೂ ಇದೆ, ನಮ್ಮ ಜನ ದೇವರಿರೋ ನಾಣ್ಯ ಆದ್ರೆ ನಂಬ್ತಾರೆ ಅಂತ ಅವ್ರಿಗೆ ಗೊತ್ತಿತ್ತು. ಹಾಗೇ ರಾಮಟಂಕ ಅಂತ ಪೂಜೆಗೆ ಇಟ್ಕೊಳ್ಳೋ ಪದಕದಂಥ ಬಿಲ್ಲೆಗಳೂ ಹಿಂದಿನಿಂದ ಇವೆ, ಅವು ಯಾವತ್ತೂ ಚಲಾವಣೆ ದುಡ್ಡಲ್ಲ. ಈ ಎರಡನ್ನೂ ಬೆರೆಸಿ ಕಂಪನಿ ಹೆಸ್ರು ಅಚ್ಚು ಹಾಕಿ ಮಾರೋದೇ ನಿಮ್ಮ ಕೈಲಿರೋದು. ಜಾತ್ರೆ ಅಂಗಡೀಲಿ ಪೂಜೆ ಬಿಲ್ಲೆ ಅಂತ ಸ್ವಲ್ಪ ದುಡ್ಡಿಗೆ ಮಾರಿದ್ರೆ ನಂಗೇನೂ ತಕರಾರಿಲ್ಲ, ದೇವರ ಕೋಣೇಲಿ ಇಟ್ಕೊಳ್ಳಿ. 200 ವರ್ಷದ ಚಲಾವಣೆ ನಾಣ್ಯ ಅಂತ 2,200 ತಗೊಂಡಿದ್ದು ಮೋಸ.

ಚಿಕ್ಕಪ್ಪನವರಿಗೆ ದಯವಿಟ್ಟು ನಿಧಾನಕ್ಕೆ ಕೂತು ಹೇಳಿ, ಅಕ್ಕಿ ಎಳೆಯೋ ನಾಣ್ಯ ಅನ್ನೋದು ಇಲ್ಲ. ರೈಸ್ ಪುಲ್ಲರ್ ಅಂತ ಹೇಳಿ ಮೊದ್ಲು ಅಕ್ಕಿ ಎಳೆಯೋ ಹಾಗೆ ತೋರಿಸಿ, ಆಮೇಲೆ ಲ್ಯಾಬ್ ಟೆಸ್ಟ್, ಕೆಮಿಕಲ್, ವಿಜ್ಞಾನಿ ಬರೋ ಖರ್ಚು ಅಂತ ಲಕ್ಷಗಟ್ಟಲೆ ಸುಲಿಯೋದು ಹಳೇ ದಂಧೆ, ನಮ್ಮ ರಾಜ್ಯದಲ್ಲೇ ಎಷ್ಟೋ ಸಲ ಪೊಲೀಸರು ಹಿಡ್ದಿದಾರೆ. ಕೋಟಿ ಕೊಡ್ತೀನಿ ಅನ್ನೋರು ಯಾವತ್ತೂ ಮೊದ್ಲು ನಿಮ್ಮಿಂದಲೇ ತಗೋತಾರೆ. ಇದ್ರ ತಮ್ಮನ ಹಾಗೆ ಇನ್ನೊಂದಿದೆ, ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ, ನಂಬರಲ್ಲಿ 786 ಇರೋ ನೋಟಿಗೆ ಮೂರು ಲಕ್ಷ ಅಂತ ವಿಡಿಯೋ. ಆ ವೈಷ್ಣೋದೇವಿದು ಸರ್ಕಾರ ಹೊರಡಿಸಿದ ಮಾಮೂಲಿ ಚಲಾವಣೆ ನಾಣ್ಯ, ಅಂಗಡೀಲಿ ಚಿಲ್ಲರೆಗೆ ಬರತ್ತೆ. ಮಾರ್ತೀನಿ ಅಂತ ಹೋದವ್ರ ಹತ್ರ ಕಮಿಷನ್ನು, ಟ್ಯಾಕ್ಸು, ರಿಸರ್ವ್ ಬ್ಯಾಂಕಿನ ಪರ್ಮಿಷನ್ ಫೀಸು ಅಂತ ಕಿತ್ಕೊಂಡಿದಾರೆ. ರಿಸರ್ವ್ ಬ್ಯಾಂಕೇ 2021ರ ಆಗಸ್ಟಲ್ಲಿ ಪ್ರಕಟಣೆ ಕೊಡ್ತು, ನಾವು ಇಂಥ ವ್ಯವಹಾರಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ, ಯಾವ ಫೀಸೂ ಕೇಳಲ್ಲ ಅಂತ.

98 ಪರ್ಸೆಂಟ್ ರೇಟಿಂಗ್ ಇದ್ರೂ ಹೀಗೆ ಯಾಕಾಯ್ತು ಅನ್ನೋ ಪ್ರಶ್ನೆನೂ ನಿಮ್ಗೆ ಇರತ್ತೆ. ರೇಟಿಂಗ್ ಕೊಡೋರು ನಾಣ್ಯ ಪರೀಕ್ಷೆ ಮಾಡಿ ಕೊಡಲ್ಲ. ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿತ್ತು ಅಂತ ಕೊಡ್ತಾರೆ. ಮೋಸ ಹೋಗಿದೀನಿ ಅಂತ ಗೊತ್ತಾಗೋದೇ ಎಷ್ಟೋ ಜನಕ್ಕೆ ವರ್ಷಗಳ ಮೇಲೆ, ಕೆಲವ್ರಿಗೆ ಗೊತ್ತೇ ಆಗಲ್ಲ, ಅವ್ರ ನಕ್ಷತ್ರ ಹಾಗೇ ಉಳ್ಕೊಳ್ಳತ್ತೆ. ಅದಲ್ದೇ ಐವತ್ತು ನೂರು ರೂಪಾಯಿಯ ಅಸಲಿ ಕಾಲಾಣೆ, ನಯಾ ಪೈಸೆನೆಲ್ಲ ನೂರಾರು ಮಾರಿ ಹೆಸ್ರು ಮಾಡ್ಕೊಂಡು ನಡುವೆ ಇಂಥ ದೊಡ್ಡ ಮಾಲು ತಳ್ತಾರೆ. ಬಿಡ್ ಏರಿಸೋಕೆ ತಮ್ಮದೇ ಇನ್ನೊಂದು ಅಕೌಂಟಿಂದ ಬಿಡ್ ಹಾಕೋದೂ ಇದೆ, ಇಬ್ಬರು ಪೈಪೋಟಿ ಮಾಡ್ತಿದಾರೆ ಅಂದ್ರೆ ಅಸಲಿನೇ ಇರ್ಬೇಕು ಅಂತ ನಮ್ಮ ಮನಸ್ಸು ಹೇಳತ್ತೆ, ಅದೇ ಅವ್ರಿಗೆ ಬೇಕಾಗಿದ್ದು.

ಬರವಣಿಗೆ ಗಮನಿಸಿ. ನಿಮ್ಮ ಲಿಸ್ಟಿಂಗಿನ ತಲೆಬರಹದಲ್ಲಿ ದೊಡ್ಡದಾಗಿ ಅಪರೂಪದ 1939 ಬೆಳ್ಳಿ ರೂಪಾಯಿ ಅಂತಿದೆ, ಕೆಳಗೆ ಸಣ್ಣಕ್ಷರದಲ್ಲಿ ನಾನು ತಜ್ಞ ಅಲ್ಲ, ಅಜ್ಜನ ಪೆಟ್ಟಿಗೇಲಿ ಸಿಕ್ತು, ಫೋಟೋ ನೋಡಿ ನೀವೇ ತೀರ್ಮಾನ ಮಾಡಿ ಅಂತಿದೆ. ತೂಕ ಇಲ್ಲ, ಅಂಚಿನ ಫೋಟೋ ಇಲ್ಲ. ಕಾರವಾರದ ಮೀನು ಪೇಟೇಲಿ ನಮ್ಮನೆ ಹೆಂಗಸ್ರು ಕಿವಿರು ಎತ್ತಿ ಕೆಂಪು ನೋಡ್ದೇ ಹತ್ತು ರೂಪಾಯಿ ಬಂಗಡೆನೂ ಬುಟ್ಟಿಗೆ ಹಾಕ್ಕೊಳ್ಳಲ್ಲ, ನಿಮ್ಮ ಕಡೆ ಅಡಿಕೆ ಟೆಂಡರಲ್ಲಿ ಒಳ್ಳೇ ಚಾಲಿ ಅಡಿಕೆ ಮೂಟೆ ಒಳಗೆ ಕೀಳು ದರ್ಜೆಯ ಬಿಳೆಗೋಟು ಬೆರೆಸಿದ್ರೆ ಕೈ ಹಾಕಿ ನೋಡೋರ ಕಣ್ಣು ತಪ್ಪಲ್ಲ. ಆನ್‌ಲೈನ್ ಹರಾಜಲ್ಲಿ ಆ ಕೈ ಹಾಕೋ ಅವಕಾಶನೇ ಇಲ್ಲ, ಅದ್ರ ಬದ್ಲಿಗೆ ನಾವು ತೂಕ, ಅಳತೆ, ಎರಡೂ ಮುಖ, ಅಂಚು ಇಷ್ಟನ್ನ ಕೇಳಿ ತಗೋಬೇಕು. ಇದು ಮಾರಾಟಗಾರರ ಮೇಲೆ ಅಪನಂಬಿಕೆ ಅಲ್ಲ, ಒಳ್ಳೇ ಮಾರಾಟಗಾರರು ಕೇಳಿದ ಕೂಡ್ಲೇ ಸಂತೋಷದಿಂದ ಕಳಿಸ್ತಾರೆ, ನಾನು ದಿನಾ ಅಂಥವ್ರ ಜೊತೆ ವ್ಯವಹಾರ ಮಾಡ್ತೀನಿ. ಕೇಳಿದ್ದಕ್ಕೆ ಸಿಟ್ಟು ಮಾಡ್ಕೊಂಡ್ರೆ ಅಲ್ಲಿಗೆ ಬಿಟ್ಬಿಡಿ.

ನಕಲಿಗಿಂತ ನಂಗೆ ಜಾಸ್ತಿ ಸಂಕಟ ಕೊಡೋದು ಇನ್ನೊಂದು ಜಾತಿ ಮೋಸ, ನಾಣ್ಯ ಅಸಲಿ, ಮಾತು ಸುಳ್ಳು. 1862ರ ವಿಕ್ಟೋರಿಯಾ ರೂಪಾಯಿನ 160 ವರ್ಷ ಹಳೇದು ಅಪರೂಪ ಅಂತ ಹತ್ತು ಪಟ್ಟಿಗೆ ಮಾರ್ತಾರೆ, ನಿಜ ಎಂತ ಅಂದ್ರೆ ಹತ್ತು ವರ್ಷದ ಮೇಲೂ ಅದೇ 1862 ಇಸವಿ ಇಟ್ಟೇ ಟಂಕಿಸಿದ್ರು, ಹಾಗಾಗಿ ಅದು ಬಹಳ ಸಾಮಾನ್ಯ. ಹಳೇದು ಅಂದ್ರೆ ಅಪರೂಪ ಅಲ್ಲ, ಇದೊಂದು ತಿಳಿದ್ರೆ ಎಷ್ಟೋ ದುಡ್ಡು ಉಳಿಯತ್ತೆ. ಗೋವಾ ಗಡಿ ಇಲ್ಲೇ ಇರೋದ್ರಿಂದ ನಮ್ಮ ಕಾರವಾರದ ಹಳೇ ಮನೆಗಳಲ್ಲಿ ಪೋರ್ಚುಗೀಸರ ನಾಣ್ಯ ಬೇಕಾದಷ್ಟು ಸಿಗತ್ತೆ, 1881, 1882ರ ಲೂಯಿಸ್ ರಾಜನ ರೂಪಿಯಾ ಎಲ್ಲ, ಅದನ್ನೂ ಎಂಥದೋ ಕಡಲುಗಳ್ಳರ ನಿಧಿ ಅಂತ ಕಥೆ ಕಟ್ಟಿ ಮಾರೋದು ನೋಡಿದೀನಿ. ಇನ್ನು ಆಭರಣದ ನಾಣ್ಯ. ನಮ್ಮ ಕಡೆ ಕಾಸಿನ ಸರ, ಪುತಳಿ ಸರ ಇದ್ದಿದ್ದು ಎಲ್ಲರಿಗೂ ಗೊತ್ತು, ಬೆಳ್ಳಿ ರೂಪಾಯಿಗೂ ಕೊಕ್ಕೆ ಬೆಸೆದು ಕೊರಳಿಗೆ ಹಾಕ್ಕೊಳ್ತಿದ್ರು. ಆ ಕೊಕ್ಕೆ ಕಿತ್ತು, ಬೆಸುಗೆ ಉಜ್ಜಿ, ಪಾಲಿಶ್ ಕೊಟ್ಟು, ಬಳಸದ ಹೊಸ ನಾಣ್ಯ ಅಂತ ಮಾರ್ತಾರೆ. ಅಂಚಿನ ಹಲ್ಲುಗಳಲ್ಲಿ ಮೇಲ್ಗಡೆ ಒಂದ್ ಕಡೆ ಮಾತ್ರ ನುಣ್ಣಗಿದ್ರೆ ಅಲ್ಲಿ ಕೊಕ್ಕೆ ಇತ್ತು ಅಂತ ಲೆಕ್ಕ, ಅದ್ಕೇ ಅಂಚಿನ ಫೋಟೋ ಕೇಳಿ ಅಂತ ಹೇಳೋದು. ಪುತಳಿಗಳಲ್ಲೂ ಹಾಗೇ, ವೆನಿಸ್ಸಿನ ಡುಕಾಟ್ ಅನ್ನೋ ಬಂಗಾರದ ನಾಣ್ಯ ನೋಡಿ ನಮ್ಮ ಅಕ್ಕಸಾಲಿಗರೇ ಸರಕ್ಕೆ ಅಂತ ಮಾಡಿದ ಅನುಕರಣೆಗಳು ಬಹಳ, ಅಕ್ಷರ ಅರ್ಥ ಇಲ್ದ ಗೀಟು ಆಗಿರತ್ತೆ. ಅವು ಮೋಸಕ್ಕೆ ಮಾಡಿದ್ದಲ್ಲ, ಬಂಗಾರನೂ ಒಳ್ಳೇದು, ಆದ್ರೆ ವೆನಿಸ್ಸಿಂದು ಅಂತ ಮಾರಿದ್ರೆ ಮೋಸ.

ಈಗ ದುಡ್ಡಿನ ವಿಷಯ. ಇದ್ದ ಹಾಗೆ ಮಾರಾಟ ಅಂತ ಬರೆದ ಮಾತ್ರಕ್ಕೆ ಅವ್ರು ಪಾರಾಗಲ್ಲ. ವರ್ಣನೆ ಕೊಟ್ಟು ಮಾರಿದ ಮೇಲೆ ವಸ್ತು ವರ್ಣನೆಗೆ ಹೊಂದ್ಬೇಕು ಅನ್ನೋದು 1930ರ ಸರಕು ಮಾರಾಟ ಕಾಯ್ದೇಲೇ ಇದೆ, 1939ರ ಬೆಳ್ಳಿ ರೂಪಾಯಿ ಅಂತ ಹೇಳಿ ಬೆಳ್ಳಿನೇ ಇಲ್ದ ಬಿಲ್ಲೆ ಕೊಟ್ರೆ ಅದು ಸವಕಳಿ ವಿಷಯ ಅಲ್ಲ. ಇವತ್ತೇ ಲಿಸ್ಟಿಂಗ್ ಪೂರ್ತಿ ಸ್ಕ್ರೀನ್‌ಶಾಟ್ ತೆಗೀರಿ, ಮೆಸೇಜುಗಳದ್ದೂ, ನಾಳೆ ಅಳಿಸ್ಬಹುದು. ನೀರಿನ ಪರೀಕ್ಷೆನ ವಿಡಿಯೋ ಮಾಡಿ, ಬಂಗಾರದಂಗಡಿಯವ್ರ ಹತ್ರ ತೂಕ, ಬೆಳ್ಳಿ ಇಲ್ಲ ಅನ್ನೋದನ್ನ ಅವ್ರ ಚೀಟೀಲಿ ಬರೆಸ್ಕೊಳ್ಳಿ. ಇದನ್ನಿಟ್ಟು ಮೊದ್ಲು ಹರಾಜು ನಡೆಸೋ ಸೈಟಿನವ್ರ ಕುಂದುಕೊರತೆ ಅಧಿಕಾರಿಗೆ ಬರೀರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವ್ರು 48 ಗಂಟೆ ಒಳಗೆ ದೂರು ಬಂತು ಅಂತ ಹೇಳ್ಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡ್ಬೇಕು. ಹೆಚ್ಚಿನ ಕೇಸು ಇಲ್ಲೇ ಮುಗಿಯತ್ತೆ, ಗಟ್ಟಿ ಸಾಕ್ಷಿ ನೋಡಿದ್ರೆ ಮಾರಾಟಗಾರರು ಅಕೌಂಟ್ ಹೋಗತ್ತೆ ಅನ್ನೋ ಭಯಕ್ಕೆ ವಾಪಸ್ ಕೊಡ್ತಾರೆ. ಕಾರ್ಡಲ್ಲಿ ಕೊಟ್ಟಿದ್ರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅಂದ್ರೆ ದುಡ್ಡು ವಾಪಸ್ ಹಾಕಿಸೋ ಅರ್ಜಿ ಕೂಡ್ಲೇ ಕೊಡಿ, ಅದಕ್ಕೆ ಗಡುವಿರತ್ತೆ. ಯುಪಿಐಲಿ ನೇರ ಕಳ್ಸಿದ್ರೆ ಅದು ಕಷ್ಟ, ಸುಳ್ಳು ಭರವಸೆ ಕೊಡಲ್ಲ, ಆದ್ರೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.

ಅಲ್ಲೂ ಆಗ್ಲಿಲ್ಲ ಅಂದ್ರೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ನೀವಿರೋ ಜಿಲ್ಲೇಲೇ ಕೇಸು ಹಾಕ್ಬಹುದು, ಅಂದ್ರೆ ನಮ್ಮ ಕಾರವಾರದಲ್ಲೇ, ಮಾರಿದವ್ರು ಯಾವ ರಾಜ್ಯದಲ್ಲಿದ್ರೂ ಸರಿ. 5 ಲಕ್ಷದವರೆಗೆ ಫೀಸಿಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಆನ್‌ಲೈನಲ್ಲೂ ಹಾಕ್ಬಹುದು, ಎರಡು ವರ್ಷದೊಳಗೆ ಹಾಕ್ಬೇಕು. ಇದ್ರ ತೊಂದರೆನೂ ಹೇಳ್ತೀನಿ, ತಿಂಗಳುಗಟ್ಟಲೆ ಎಳೆಯತ್ತೆ, ಕಾರವಾರಕ್ಕೆ ಘಟ್ಟ ಇಳಿದು ಬರೋದು ಹೋಗೋದು ಆಗತ್ತೆ, ಮಾರಿದವ್ರು ನಾನು ವ್ಯಾಪಾರಿ ಅಲ್ಲ ಮನೇಲಿದ್ದದ್ದು ಮಾರ್ದೆ ಅಂದ್ರೆ ವಾದ ಸ್ವಲ್ಪ ತೊಡಕಾಗತ್ತೆ. ಆದ್ರೆ ನಿಮ್ಮ ಮಾರಾಟಗಾರರದ್ದು ನೂರಾರು ಮಾರಾಟ ಇದೆ, ಮನೇಲಿದ್ದದ್ದು ಅನ್ನೋ ಮಾತು ನಿಲ್ಲಲ್ಲ. 1915 ಗ್ರಾಹಕ ಸಹಾಯವಾಣಿಗೆ ಮೊದ್ಲೊಂದು ಫೋನ್ ಮಾಡಿ, ಎಷ್ಟೋ ಸಲ ಅವ್ರು ಸೈಟಿನವ್ರ ಜೊತೆ ಮಾತಾಡಿ ಮುಗಿಸ್ತಾರೆ. ಬೇಕೂಂತ್ಲೇ ಮೋಸ ಅನ್ನೋದು ಸ್ಪಷ್ಟ ಇದ್ರೆ ಪೊಲೀಸ್ ದೂರೂ ಕೊಡ್ಬಹುದು, ಈಗಿನ ಭಾರತೀಯ ನ್ಯಾಯ ಸಂಹಿತೇಲಿ ವಂಚನೆ 318ನೇ ಕಲಮು, ಹಿಂದಿನ 420. ನನ್ನ ಅನುಭವದಲ್ಲಿ 20 ಸಾವಿರದ ಒಂದು ನಾಣ್ಯಕ್ಕೆ ಪೊಲೀಸ್ ದಾರಿ ನಿಧಾನ, ಸೈಟಿನ ದೂರಿನ ದಾರಿ ಬೇಗ.

ಆದ್ರೆ ಆ 318 ನಿಮ್ಮ ಭಾವ ಹೇಳಿದ ದಾರಿಗೂ ಅನ್ವಯ ಆಗತ್ತೆ. ನಿಮ್ಗೆ ಗೊತ್ತಿಲ್ದೇ ತಗೊಂಡ್ರಿ, ಈಗ ಗೊತ್ತಾಗಿದೆ, ಗೊತ್ತಿದ್ದೂ ಅದೇ ಮಾತು ಬರ್ದು ಮಾರಿದ್ರೆ ಈಗ ವಂಚನೆ ಮಾಡಿದವ್ರು ನೀವು. ಕಾನೂನು ಪಕ್ಕಕ್ಕಿಡಿ, ಆ ಬಿಲ್ಲೆ ಹೋಗಿ ಬೀಳೋದು ನಿಮ್ಮ ಹಾಗೇ ಮಗನಿಗೋಸ್ಕರ ತಗೊಳ್ಳೋ ಇನ್ನೊಬ್ಬರ ಕೈಗೆ. ದುಡ್ಡು ವಾಪಸ್ ಆಗೋದಿದ್ರೆ ನಾಣ್ಯ ವಾಪಸ್ ಕಳಿಸ್ಬೇಕಾಗತ್ತೆ, ಕಳಿಸೋ ಮುಂಚೆ ಫೋಟೋ ವಿಡಿಯೋ ತೆಗ್ದಿಟ್ಕೊಳ್ಳಿ. ವಾಪಸ್ ಆಗದೇ ಇದ್ರೆ ನನ್ನ ಹತ್ರ ಇಂಥವು ಒಂದು ಡಬ್ಬಿ ಇದೆ, ಒಂದೊಂದ್ರ ಕವರ್ ಮೇಲೂ ಕೆಂಪಲ್ಲಿ ನಕಲಿ ಅಂತ ಬರ್ದಿದೀನಿ, ಕಲಿಯೋಕೆ ಬಂದ ಹುಡುಗರಿಗೆ ಮೊದ್ಲು ಅದನ್ನೇ ಕೈಗೆ ಕೊಡೋದು. ಅಮೆರಿಕದಲ್ಲಿ 1973ರ ಕಾನೂನಿದೆ, ನಕಲು ನಾಣ್ಯದ ಮೈ ಮೇಲೇ ಕಾಪಿ ಅಂತ ಅಚ್ಚು ಇರ್ಲೇಬೇಕು ಅಂತ. ನಾವು ಕವರ್ ಮೇಲಾದ್ರೂ ಬರ್ಯೋಣ.

ಮುಂದೆ ದೊಡ್ಡ ದುಡ್ಡಿನ ನಾಣ್ಯ ಬೇಕು ಅಂದ್ರೆ ಪರೀಕ್ಷೆ ಮಾಡಿ ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡಿದ್ದು ತಗೊಳ್ಳಿ ಅಂತ ಜನ ಹೇಳ್ತಾರೆ, ಎನ್‌ಜಿಸಿ, ಪಿಸಿಜಿಎಸ್ ಅಂತ ಅಮೆರಿಕದ ಎರಡು ಕಂಪನಿ 1ರಿಂದ 70ರವರೆಗೆ ನಂಬರ್ ಕೊಟ್ಟು ಸೀಲ್ ಮಾಡ್ತಾವೆ. ಒಳ್ಳೇ ಸಲಹೆನೇ, ಆದ್ರೆ ಆ ಡಬ್ಬಿಗಳೂ ನಕಲಿ ಬರ್ತಾವೆ, ಅಸಲಿ ಸರ್ಟಿಫಿಕೇಟ್ ನಂಬರನ್ನೇ ಕದ್ದು ಬೇರೆ ನಾಣ್ಯಕ್ಕೆ ಅಂಟಿಸ್ತಾರೆ. ಕಂಪನಿಯ ಸೈಟಿಗೇ ಹೋಗಿ ಆ ನಂಬರ್ ಹಾಕಿ, ಅಲ್ಲಿ ಫೋಟೋ ಇದ್ರೆ ಗೀರು, ಕಲೆ, ಬಣ್ಣ ಒಂದೊಂದೇ ಹೋಲಿಸಿ. ಇಲ್ಲಾಂದ್ರೆ ಬೆಂಗಳೂರಲ್ಲಿ ನಾಣ್ಯಮೇಳ ನಡೀತಾವಲ್ಲ, ಒಂದ್ಸಲ ಹೋಗಿ ಬನ್ನಿ, ತಗೊಳ್ದೇ ಇದ್ರೂ ಒಂದಿನ ಅಸಲಿ ನಾಣ್ಯ ಕೈಲಿ ಹಿಡಿದ್ರೆ ಹತ್ತು ಲೇಖನ ಓದಿದ್ದಕ್ಕಿಂತ ಜಾಸ್ತಿ ಬರತ್ತೆ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ, ಹೊರದೇಶದವ್ರು ಜಾಸ್ತಿ ಕೊಡ್ತೀನಿ ಕೊರಿಯರ್ ಮಾಡಿ ಅಂದ್ರೆ ಮಾಡ್ಬೇಡಿ.

ಮಗನ ವಿಷಯ ಬರ್ದು ನಿಲ್ಲಿಸ್ತೀನಿ. ಅವ್ನಿಗೆ 1939 ಬೇಕಾಗಿಲ್ಲ. ಅಜ್ಜನ ಪೆಟ್ಟಿಗೇಲಿರೋ ಪೈಸೆನೇ ಬಿಡಿಸಿ ಕೂರಿಸಿ, 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, ಅವತ್ತಿಂದ 100 ನಯಾ ಪೈಸೆ, 1964ರಲ್ಲಿ ನಯಾ ಅನ್ನೋದು ಬಿಟ್ಟು ಹೋಯ್ತು, ಅದೊಂದನ್ನೇ ಇಸವಿವಾರು ಜೋಡಿಸೋಕೆ ಒಂದು ಮಳೆಗಾಲ ಬೇಕು. ಆಮೇಲೆ ಅಂಗಡಿ ಚಿಲ್ಲರೆ. ಇಸವಿ ಕೆಳಗೆ ಸಣ್ಣ ಗುರುತು ನೋಡೋಕೆ ಹೇಳಿ, ವಜ್ರದ ಆಕಾರ ಇದ್ರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ರೆ ಹೈದರಾಬಾದು, ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ದಿದ್ರೆ ಕೋಲ್ಕತಾ. ಒಂದು ಭೂತಗನ್ನಡಿ ಕೊಡ್ಸಿ, ಆ ತಕ್ಕಡಿನೂ ಅವ್ನ ಕೈಗೇ ಕೊಡಿ. ನೀರಿನ ಪರೀಕ್ಷೆ ವಿಡಿಯೋ ಮಾಡೋವಾಗ ದಾರ ಹಿಡ್ಕೊಳ್ಳೋಕೆ ಅವ್ನನ್ನೇ ಕರೀರಿ.